ದಿಮ್ಮಿ ಏರುವುದು 20 ಮೀಟರ್ ಅಲ್ಲ, 5 ಸೆಂಟಿಮೀಟರ್

ಮೊದಲ ಪಿಯುಸಿಯ ಭೌತಶಾಸ್ತ್ರ ಪತ್ರಿಕೆ ತಿದ್ದುವವರಿಗೆಲ್ಲ ಈ ಲೆಕ್ಕ ಗೊತ್ತು. ದಾರದಲ್ಲಿ ಒಂದು ಮರದ ದಿಮ್ಮಿ ತೂಗುತ್ತಿದೆ, 3.99 ಕೆಜಿ. ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಬಂದ 10 ಗ್ರಾಂ ಗುಂಡು ಅದರೊಳಗೆ ಹೊಕ್ಕು ಅಲ್ಲೇ ಉಳಿಯುತ್ತದೆ. ದಿಮ್ಮಿ ಎಷ್ಟು ಎತ್ತರ ಏರುತ್ತದೆ?

ಚೆನ್ನಾಗಿ ಓದುವ ಮಕ್ಕಳೇ ಇಲ್ಲಿ ಎಡವುತ್ತಾರೆ. ಗುಂಡಿನ ಚಲನಶಕ್ತಿ 800 ಜೌಲ್. ಶಕ್ತಿ ನಾಶವಾಗುವುದಿಲ್ಲ ಎಂದು ಹೈಸ್ಕೂಲಿನಿಂದ ಬಾಯಿಪಾಠ. ಹಾಗಾಗಿ ಆ 800 ಜೌಲೂ ದಿಮ್ಮಿಯನ್ನು ಮೇಲೆತ್ತಲು ಹೋಗಬೇಕು, ಅಲ್ವಾ? ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಎತ್ತರ 20 ಮೀಟರ್ ಬರುತ್ತದೆ. ಆರಂತಸ್ತಿನ ಕಟ್ಟಡದಷ್ಟು! ಒಂದು ಚಿಕ್ಕ ಗುಂಡು 4 ಕೆಜಿ ಮರವನ್ನು ಅಷ್ಟು ಮೇಲೆ ಹಾರಿಸುತ್ತದಾ ಎಂದು ಬರೆದವರು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು.

ಸರಿಯಾದ ದಾರಿ ಸಂವೇಗದಿಂದ, ಅಂದರೆ ತೂಕ ಗುಣಿಸು ವೇಗದಿಂದ ಶುರುವಾಗುತ್ತದೆ. ಗುಂಡಿನ ಸಂವೇಗ 0.01 ಗುಣಿಸು 400, ಅಂದರೆ 4. ಡಿಕ್ಕಿಯ ನಂತರವೂ ಸಂವೇಗ ಅಷ್ಟೇ ಉಳಿಯುತ್ತದೆ, ಆದರೆ ಈಗ ಒಟ್ಟು 4 ಕೆಜಿ ಒಟ್ಟಿಗೆ ಚಲಿಸಬೇಕು. ವೇಗ ಸೆಕೆಂಡಿಗೆ 1 ಮೀಟರ್. ಚಲನಶಕ್ತಿ ಬರೀ 2 ಜೌಲ್. ಎತ್ತರ 5 ಸೆಂಟಿಮೀಟರ್. ಉಳಿದ 798 ಜೌಲ್ ಮರದ ನಾರನ್ನು ಸೀಳಲು, ಗುಂಡನ್ನು ಜಜ್ಜಲು, ಎರಡನ್ನೂ ಬಿಸಿ ಮಾಡಲು ಹೋಯಿತು. ಒಂದಿಷ್ಟು ಸದ್ದಾಗಿಯೂ ಹೋಯಿತು. ಶಕ್ತಿ ನಾಶವಾಗಲಿಲ್ಲ ನಿಜ, ಆದರೆ ಅದು ಚಲನಶಕ್ತಿಯಾಗಿ ಉಳಿಯಲಿಲ್ಲ.

ಹಾಗಾದರೆ ಸಂವೇಗ ಪೂರ್ತಿ ಉಳಿದದ್ದು ಹೇಗೆ? ಸೂತ್ರ ಬರೆಸಿ ಮುಂದೆ ಹೋಗಿಬಿಡುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಗುಂಡು ಮರದೊಳಗೆ 10 ಸೆಂಟಿಮೀಟರ್ ಹೋಗಿ ನಿಂತಿತು ಎಂದುಕೊಳ್ಳಿ. ಲೆಕ್ಕ ಹಾಕಿದರೆ ಅದಕ್ಕೆ ಹಿಡಿದ ಸಮಯ ಸೆಕೆಂಡಿನ ಸುಮಾರು 2,000ದಲ್ಲಿ ಒಂದು ಪಾಲು. ಆ ಹೊತ್ತಿನಲ್ಲಿ ಮರ ಗುಂಡನ್ನು ಹಿಂದಕ್ಕೆ ಒತ್ತಿದಷ್ಟೇ ಬಲದಿಂದ ಗುಂಡು ಮರವನ್ನು ಮುಂದಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೇ ನಿಯಮ. ಬಲ ಒಂದೇ, ಸಮಯವೂ ಒಂದೇ. ಅದಕ್ಕೇ ಒಂದು ಕಳೆದುಕೊಂಡಷ್ಟು ಸಂವೇಗ ಇನ್ನೊಂದಕ್ಕೆ ಸಿಗುತ್ತದೆ.

ಆದರೆ ಶಕ್ತಿಯ ಲೆಕ್ಕಕ್ಕೆ ಸಮಯ ಬೇಡ, ದೂರ ಬೇಕು. ಅದೇ ಹೊತ್ತಿನಲ್ಲಿ ಗುಂಡು 10 ಸೆಂಟಿಮೀಟರ್ ಸಾಗಿದರೆ ದಿಮ್ಮಿ ಸಾಗಿದ್ದು ಕಾಲು ಮಿಲಿಮೀಟರ್. ಸರಾಸರಿ ಬಲ 8,000 ನ್ಯೂಟನ್ ಹತ್ತಿರ. ಆ ಬಲ ಗುಂಡಿನಿಂದ 800 ಜೌಲ್ ಕಿತ್ತುಕೊಂಡು ದಿಮ್ಮಿಗೆ ಕೊಟ್ಟದ್ದು ಬರೀ 2 ಜೌಲ್. ಕೊಟ್ಟದ್ದಕ್ಕೂ ತೆಗೆದುಕೊಂಡದ್ದಕ್ಕೂ ತಾಳೆಯಾಗಲೇಬೇಕು ಎಂಬ ನಿಯಮ ಚಲನಶಕ್ತಿಗೆ ಇಲ್ಲ.

ಇದು ಸುಮ್ನೆ ಪರೀಕ್ಷೆಗಾಗಿ ಹುಟ್ಟಿಸಿದ ಲೆಕ್ಕವೂ ಅಲ್ಲ. ಬಂದೂಕಿನ ಗುಂಡಿನ ವೇಗ ಅಳೆಯಲು ಸರಿಯಾದ ಉಪಾಯವಿಲ್ಲದ ಕಾಲದಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಇದೇ ತೂಗುದಿಮ್ಮಿಯಿಂದ ಅದನ್ನು ಅಳೆದ. 1742ರಲ್ಲಿ ಪ್ರಕಟಿಸಿದ. ಕಣ್ಣಿಗೆ ಕಾಣದ ವೇಗವನ್ನು ಅಳೆಯಬಹುದಾದ ನಿಧಾನದ ತೂಗಾಟಕ್ಕೆ ಇಳಿಸಿದ್ದು ಅವನ ಜಾಣತನ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಇಲ್ಲಿಗೆ ಬಂದು, 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಇನ್ನೊಂದು ತಪ್ಪು ಕಲ್ಪನೆ ಇದಕ್ಕೆ ಉಲ್ಟಾ. ಎರಡು ವಸ್ತು ಅಂಟಿಕೊಂಡರೆ ಚಲನಶಕ್ತಿ ಪೂರ್ತಿ ಹೋಗುತ್ತದೆ ಅನ್ನುವುದು. ಹಾಗೇನಿಲ್ಲ. ನಿಂತ ಕಾರಿಗೆ ಅದೇ ತೂಕದ ಇನ್ನೊಂದು ಕಾರು ಗುದ್ದಿ ಎರಡೂ ಒಟ್ಟಿಗೆ ಸಾಗಿದರೆ ಹೋಗುವುದು ಅರ್ಧ ಮಾತ್ರ. ಸಂವೇಗ ಉಳಿಯಬೇಕಾದರೆ ಏನಾದರೂ ಚಲಿಸುತ್ತಿರಲೇಬೇಕು. ಅದೇ ಎರಡು ಕಾರು 60 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿ ಅಂಟಿಕೊಂಡರೆ ಎಲ್ಲ ಚಲನಶಕ್ತಿಯೂ ಹೋಗುತ್ತದೆ, ಯಾಕೆಂದರೆ ಒಟ್ಟು ಸಂವೇಗ ಮೊದಲೇ ಸೊನ್ನೆ. ಅಂದಹಾಗೆ, ಅದು ಗೋಡೆಗೆ 120ರಲ್ಲಿ ಗುದ್ದಿದ ಹಾಗೆ ಎಂದು ಜನ ಹೇಳುವುದುಂಟು. ತಪ್ಪು. ಒಂದೊಂದು ಕಾರಿನ ಮಟ್ಟಿಗೆ ಅದು ಅಲುಗಾಡದ ಗೋಡೆಗೆ 60ರಲ್ಲೇ ಗುದ್ದಿದಂತೆ.

ಎಲಾಸ್ಟಿಕ್ ಡಿಕ್ಕಿಯಲ್ಲಿ ಸಂವೇಗದ ಜೊತೆ ಚಲನಶಕ್ತಿಯೂ ಉಳಿಯುತ್ತದೆ. ಅದಕ್ಕೆ ಹತ್ತಿರದ್ದು ಮನೆಯಲ್ಲೇ ಇದೆ, ಕೇರಂ ಬೋರ್ಡ್. ಸ್ಟ್ರೈಕರ್ 15 ಗ್ರಾಂ, ಕಾಯಿನ್ 5 ಗ್ರಾಂ ಅಂತಿಟ್ಟುಕೊಳ್ಳಿ. ನೇರ ಹೊಡೆತದಲ್ಲಿ ಕಾಯಿನ್ನು ಸ್ಟ್ರೈಕರ್ ಬಂದ ವೇಗದ ಒಂದೂವರೆಪಟ್ಟು ವೇಗದಲ್ಲಿ ಚಿಮ್ಮುತ್ತದೆ. ಸ್ಟ್ರೈಕರ್ ನಿಲ್ಲುವುದಿಲ್ಲ. ಅರ್ಧ ವೇಗದಲ್ಲಿ ಅದೇ ದಾರಿ ಹಿಡಿಯುತ್ತದೆ. ಪಾಕೆಟ್ ಮುಂದಿನ ಕಾಯಿನ್ನನ್ನು ನೇರವಾಗಿ, ಜೋರಾಗಿ ಹೊಡೆದವರು ಸ್ಟ್ರೈಕರನ್ನೂ ಒಳಗೆ ಕಳಿಸಿ ಫೈನ್ ಕಟ್ಟುವುದು ಇದಕ್ಕೇ. ಸ್ಟ್ರೈಕರ್ ಮತ್ತು ಕಾಯಿನ್ನಿನ ತೂಕ ಒಂದೇ ಆಗಿದ್ದರೆ ಸ್ಟ್ರೈಕರ್ ಹೊಡೆದ ಜಾಗದಲ್ಲೇ ಹೆಚ್ಚೂಕಡಿಮೆ ನಿಂತುಬಿಡುತ್ತಿತ್ತು. ಆಟದ ಮಜಾನೂ ಹೋಗುತ್ತಿತ್ತು.

ಆದರೆ ಟಕ್ ಅಂತ ಸದ್ದು ಬಂತಲ್ಲ, ಅಷ್ಟು ಶಕ್ತಿ ಹೊರಗೆ ಹೋಯಿತು. ಸ್ವಲ್ಪ ಬಿಸಿಯೂ ಆಯಿತು. ಹಾಗಾಗಿ ಕೇರಂ ಡಿಕ್ಕಿ ಪೂರ್ತಿ ಎಲಾಸ್ಟಿಕ್ ಅಲ್ಲ. ಕೈಗೆ ಸಿಗುವ ಯಾವ ವಸ್ತುವೂ ಅಷ್ಟು ಶುದ್ಧವಾಗಿ ಡಿಕ್ಕಿ ಹೊಡೆಯುವುದಿಲ್ಲ, ಯಾಕೆಂದರೆ ಅದರೊಳಗೆ ಕೋಟ್ಯಂತರ ಅಣುಗಳಿವೆ. ಅವು ಅಲುಗಾಡಿ ಶಕ್ತಿ ನುಂಗುತ್ತವೆ. ಪುಟಿಯಿತೋ ಅಂಟಿಕೊಂಡಿತೋ ಎಂದು ನೋಡುವ ಮೊದಲು, ಒಳಗೆ ಶಕ್ತಿ ಹೋಗಲು ಜಾಗ ಇದೆಯಾ ಎಂದು ಕೇಳಿ ಅಂತ ನಾನು ಮಕ್ಕಳಿಗೆ ಹೇಳುವುದು ಇದಕ್ಕೇ.

ನ್ಯೂಟ್ರಾನ್ ಹಗುರ ಪರಮಾಣುವಿನ ಬೀಜಕ್ಕೆ ಹೊಡೆದಾಗ ಅಂಥ ಜಾಗ ಸಾಮಾನ್ಯವಾಗಿ ಸಿಗುವುದಿಲ್ಲ. ಉತ್ತರ ಕನ್ನಡದ ಕೈಗಾ ಅಣುಸ್ಥಾವರ ನಡೆಯುವುದೇ ಈ ಆಧಾರದ ಮೇಲೆ. ಯುರೇನಿಯಂ ಒಡೆದಾಗ ಹೊರಬರುವ ನ್ಯೂಟ್ರಾನ್‌ಗಳ ಶಕ್ತಿ ಸರಾಸರಿ 20 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ). ಮುಂದಿನ ಯುರೇನಿಯಂ ಬೀಜವನ್ನು ಸುಲಭವಾಗಿ ಒಡೆಯಬೇಕಾದರೆ ಅದು ಒಂದು ಎಲೆಕ್ಟ್ರಾನ್ ವೋಲ್ಟಿನ 40ರಲ್ಲಿ ಒಂದು ಪಾಲಿಗೆ ಇಳಿಯಬೇಕು. ಭಾರದ ಬೀಜಕ್ಕೆ ಹೊಡೆದರೆ ಪ್ರಯೋಜನವಿಲ್ಲ. ಯುರೇನಿಯಂ 238ಕ್ಕೆ ನೇರವಾಗಿ ಹೊಡೆದು ಪುಟಿದರೂ ನ್ಯೂಟ್ರಾನ್ ಕಳೆದುಕೊಳ್ಳುವುದು ನೂರಕ್ಕೆ 2ಕ್ಕಿಂತ ಕಡಿಮೆ. ಇಂಗಾಲಕ್ಕೆ ಹೊಡೆದರೆ ನೂರಕ್ಕೆ 28. ಕೈಗಾದಲ್ಲಿ ಬಳಸುವ ಭಾರಜಲದಲ್ಲಿರುವ ಡ್ಯುಟೀರಿಯಂಗೆ, ಅಂದರೆ ಭಾರದ ಹೈಡ್ರೋಜನ್ನಿಗೆ ಹೊಡೆದರೆ ಒಂಬತ್ತರಲ್ಲಿ ಎಂಟು ಪಾಲು. ಜಾಸ್ತಿ ಡಿಕ್ಕಿಗಳು ನೇರವಾಗಿರುವುದಿಲ್ಲ, ಓರೆಯಾಗಿರುತ್ತವೆ. ಹಾಗಾಗಿ ಡ್ಯುಟೀರಿಯಂನಲ್ಲಿ ಸರಾಸರಿ 25 ಡಿಕ್ಕಿ ಬೇಕು.

ಮಾಮೂಲಿ ಹೈಡ್ರೋಜನ್ನಿನ ತೂಕ ನ್ಯೂಟ್ರಾನ್‌ನಷ್ಟೇ. ಒಂದೇ ನೇರ ಡಿಕ್ಕಿಗೆ ನ್ಯೂಟ್ರಾನ್ ನಿಂತುಬಿಡಬಹುದು, ಸರಾಸರಿ 18 ಡಿಕ್ಕಿ ಸಾಕು. ಹಾಗಿದ್ದೂ ಕೈಗಾದಲ್ಲಿ ದುಬಾರಿ ಭಾರಜಲ ಯಾಕೆ? ಹೈಡ್ರೋಜನ್ ಆಗಾಗ ನ್ಯೂಟ್ರಾನನ್ನು ಪುಟಿಸುವ ಬದಲು ಹಿಡಿದಿಟ್ಟುಕೊಳ್ಳುತ್ತದೆ. ಆಗ ಡಿಕ್ಕಿ ಎಲಾಸ್ಟಿಕ್ ಆಗಿ ಉಳಿಯುವುದಿಲ್ಲ, ನ್ಯೂಟ್ರಾನೂ ಲೆಕ್ಕದಿಂದ ಹೋಯಿತು. ಗಣಿಯಿಂದ ಬಂದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ 235 ಇರುವುದು ನೂರಕ್ಕೆ 0.7 ಮಾತ್ರ. ಅಷ್ಟರಲ್ಲೇ ಸ್ಥಾವರ ನಡೆಸುವ ಕೈಗಾಕ್ಕೆ ಆ ನಷ್ಟ ತಡೆಯದು. ಮಾಮೂಲಿ ನೀರು ಬಳಸುವ ಕೂಡಂಕುಳಂ ಸ್ಥಾವರಕ್ಕೆ 235ರ ಪಾಲು ಹೆಚ್ಚಿಸಿದ ಇಂಧನವನ್ನು ರಷ್ಯಾದಿಂದ ತರಿಸುತ್ತಾರೆ.