ಎಸಿಆರ್: ಮೂತ್ರದಲ್ಲಿ ಪ್ರೋಟೀನ್ ಸೋರಿದಾಗ ನೋಡಬೇಕಾದ ಸಂಖ್ಯೆ

ಎಸಿಆರ್ ಎಂದರೆ ಮೂತ್ರದಲ್ಲಿರುವ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ. ಕ್ರಿಯಾಟಿನಿನ್ ಎನ್ನುವುದು ಸ್ನಾಯುಗಳಿಂದ ರಕ್ತಕ್ಕೆ ಬಂದು ಕಿಡ್ನಿ ಹೊರಹಾಕುವ ತ್ಯಾಜ್ಯ. ಯೂರಿನ್ ರೊಟೀನ್ ರಿಪೋರ್ಟಿನಲ್ಲಿ ಪ್ರೋಟೀನ್ ಎದುರು ‘ಟ್ರೇಸ್’ ಅಥವಾ ‘1+’ ಎಂದಿದ್ದರೆ ವೈದ್ಯರು ಮುಂದೆ ಬರೆದುಕೊಡುವುದು ಸಾಮಾನ್ಯವಾಗಿ ಇದನ್ನೇ.

ಆಲ್ಬುಮಿನ್ ರಕ್ತದಲ್ಲಿ ಹೇರಳವಾಗಿರುವ ಪ್ರೋಟೀನ್. ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸೂಕ್ಷ್ಮ ಘಟಕಗಳಾದ ನೆಫ್ರಾನ್‌ಗಳು ಸುಮಾರು 10 ಲಕ್ಷ ಇದ್ದು, ಅವುಗಳ ಜರಡಿಯಿಂದ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಇಳಿಯುತ್ತದೆ. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೇ ಸೇರುತ್ತದೆ. ಆಲ್ಬುಮಿನ್ ಗಾತ್ರದಲ್ಲಿ ದೊಡ್ಡದಾದ್ದರಿಂದ ಈ ಜರಡಿಯನ್ನು ದಾಟುವುದು ತೀರಾ ಕಡಿಮೆ. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 30 ಮಿ.ಗ್ರಾಂ ಕೂಡ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯೋ ಬಿಪಿಯೋ ಜರಡಿಯನ್ನು ಹಾಳುಮಾಡಿದರೆ ಸೋರಿಕೆ ಶುರು. ನೋವಿಲ್ಲ, ಉರಿಯಿಲ್ಲ, ಸೋರಿಕೆ ಬಹಳವಾದಾಗಷ್ಟೇ ಮೂತ್ರ ನೊರೆನೊರೆಯಾಗುತ್ತದೆ, ಕಾಲು ಬಾಯುತ್ತದೆ.

ಲ್ಯಾಬಿನಲ್ಲಿ ಅದ್ದುವ ಪಟ್ಟಿ ಹಳದಿಯಿಂದ ಹಸಿರಿಗೆ ತಿರುಗುವುದು ಪ್ರೋಟೀನ್ ಎಷ್ಟು ಸಾಂದ್ರವಾಗಿದೆ ಎಂಬುದನ್ನು ನೋಡಿ. ಅದರ ದೌರ್ಬಲ್ಯವೂ ಅಲ್ಲೇ ಇದೆ. ಒಬ್ಬರ ಮೂತ್ರದಲ್ಲಿ ಲೀಟರಿಗೆ 300 ಮಿ.ಗ್ರಾಂ ಆಲ್ಬುಮಿನ್, 2 ಗ್ರಾಂ ಕ್ರಿಯಾಟಿನಿನ್ ಇದೆ ಎಂದಿಟ್ಟುಕೊಳ್ಳಿ. ಪಟ್ಟಿ 1+ ತೋರಿಸುತ್ತದೆ. ಅವರೇ ಚೆನ್ನಾಗಿ ನೀರು ಕುಡಿದು ಬಂದು ಮೂತ್ರ ನಾಲ್ಕು ಪಟ್ಟು ತೆಳುವಾಯಿತೆನ್ನಿ: ಆಲ್ಬುಮಿನ್ 75 ಮಿ.ಗ್ರಾಂ, ಕ್ರಿಯಾಟಿನಿನ್ ಅರ್ಧ ಗ್ರಾಂ. ಈಗ ಪಟ್ಟಿ ‘ನಿಲ್’ ಎನ್ನಬಹುದು. ಆದರೆ ಎಸಿಆರ್ ಎರಡು ಸಲವೂ ಗ್ರಾಂ ಕ್ರಿಯಾಟಿನಿನ್‌ಗೆ 150 ಮಿ.ಗ್ರಾಂ ಆಲ್ಬುಮಿನ್. ಸ್ನಾಯುಗಳಿಂದ ಕ್ರಿಯಾಟಿನಿನ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತಿರುವುದರಿಂದ ನೀರಿನ ಆಟ ಇಲ್ಲಿ ನಡೆಯುವುದಿಲ್ಲ. 24 ಗಂಟೆ ಕ್ಯಾನಿನಲ್ಲಿ ಮೂತ್ರ ಶೇಖರಿಸುವ ತಾಪತ್ರಯವೂ ಹೆಚ್ಚಿನವರಿಗೆ ತಪ್ಪಿತು.

ಎಸಿಆರ್ 30ಕ್ಕಿಂತ ಕಡಿಮೆಯಿದ್ದರೆ ಸರಿ. 30ರಿಂದ 300 ಮಧ್ಯಮ ಏರಿಕೆ, ಅದಕ್ಕೂ ಮೇಲಿದ್ದರೆ ತೀವ್ರ. ಹಾಗೆಂದು ಒಂದೇ ರಿಪೋರ್ಟ್ ಹಿಡಿದು ಕಂಗಾಲಾಗಬೇಕಿಲ್ಲ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರೀ ವ್ಯಾಯಾಮ ಇವೆಲ್ಲ ತಾತ್ಕಾಲಿಕವಾಗಿ ಅಂಕಿಯನ್ನು ಏರಿಸುತ್ತವೆ. ಬೆಳಗ್ಗೆ ಎದ್ದ ತಕ್ಷಣದ ಮೊದಲ ಮೂತ್ರ ಕೊಟ್ಟು ಮತ್ತೊಮ್ಮೆ ನೋಡಬೇಕು. 3 ತಿಂಗಳು ದಾಟಿಯೂ ಉಳಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಗರ್ಭಿಣಿಯರ ಲೆಕ್ಕ ಬೇರೆ: 20 ವಾರಗಳ ನಂತರ ಬಿಪಿಯ ಜೊತೆ ಪ್ರೋಟೀನ್ ಕಂಡರೆ ಕಾಯುವಂತಿಲ್ಲ, ಕೂಡಲೇ ವೈದ್ಯರ ಬಳಿ ಹೋಗಬೇಕು.

‘ರಕ್ತದ ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ’ ಎಂಬ ಸಮಾಧಾನವನ್ನು ನಾನಂತೂ ಒಪ್ಪುವುದಿಲ್ಲ. ಕೆಲವು ನೆಫ್ರಾನ್‌ಗಳು ಕೆಟ್ಟರೆ ಉಳಿದವು ಹೆಚ್ಚು ದುಡಿದು ಆ ಅಂಕಿಯನ್ನು ಕಾಪಾಡುತ್ತವೆ. ಕಿಡ್ನಿಯ ಸಾಮರ್ಥ್ಯ ಅರ್ಧದಷ್ಟು ಕುಸಿದಿದ್ದರೂ ಅದು ಮಿತಿಯೊಳಗೇ ಇರಬಹುದು. ಎಸಿಆರ್ ಎಷ್ಟೋ ವರ್ಷ ಮೊದಲೇ ಸುಳಿವು ಕೊಡುತ್ತದೆ. ಟೈಪ್ 2 ಸಕ್ಕರೆ ಕಾಯಿಲೆ ಇರುವವರು ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕೆನ್ನುವುದು ಅದಕ್ಕೇ.

ಸೋರಿಕೆ ತಗ್ಗಿಸಲು ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆಗಳಿವೆ. ಜರಡಿಯ ಮೇಲಿನ ಒತ್ತಡವನ್ನು ಅವು ಇಳಿಸುತ್ತವೆ. ಶುರುಮಾಡಿದ ಮೊದಲ ವಾರಗಳಲ್ಲಿ ರಕ್ತದ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ಶೇ. 30ರೊಳಗಿನ ಏರಿಕೆಗೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ನೀವೂ ಅವರನ್ನು ಕೇಳದೆ ಬಿಡಬೇಡಿ.