ಲಾ ಡಿಪಾರ್ಟ್‌ಮೆಂಟಿನ ಸೆಮಿನಾರು, ಪೇಪರುಗಳಿಂದ ಯಾರಿಗೆ ಏನು ಉಪಯೋಗ?

ಓದುಗರ ಪ್ರಶ್ನೆ: ಯೂನಿವರ್ಸಿಟಿಗಳ ಕಾನೂನು ವಿಭಾಗದವರು ವರ್ಷವಿಡೀ ವಿಶೇಷ ಉಪನ್ಯಾಸ, ವಿಚಾರ ಸಂಕಿರಣ, ಪಿಎಚ್‌ಡಿ, ಪ್ರಶಸ್ತಿ ಅಂತ ಫೋಟೋ ಹಾಕ್ತಾನೇ ಇರ್ತಾರೆ. ಕೋರ್ಟಲ್ಲಿ ವಾದ ಮಾಡೋರು ವಕೀಲರು, ತೀರ್ಪು ಕೊಡೋರು ಜಡ್ಜ್‌ಗಳು. ಮಧ್ಯದಲ್ಲಿ ಈ ಮೇಷ್ಟ್ರುಗಳ ಸಂಶೋಧನೆಯಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ?

ಉತ್ತರ: ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಶಾಲು, ಹಾರ, ಸ್ಮರಣಿಕೆ, ಊಟ, ಪ್ರಮಾಣಪತ್ರ, ಅಲ್ಲಿಗೆ ಮುಗಿಯಿತು. 2010ರಲ್ಲಿ ಯುಜಿಸಿ ಪೇಪರಿಗೆ ಇಷ್ಟು, ಸೆಮಿನಾರಿಗೆ ಇಷ್ಟು ಅಂತ ಅಂಕ ಕಟ್ಟಿ, ಅದನ್ನು ಬಡ್ತಿಯ ಲೆಕ್ಕಕ್ಕೆ ಸೇರಿಸಿತು. ಆಮೇಲೆ ಪೇಪರುಗಳ ಸಂಖ್ಯೆ ಏರದೆ ಇನ್ನೇನಾಗುತ್ತದೆ ಹೇಳಿ.

ಆದರೆ ಇಂಥದ್ದೇ ಒಂದು ವಿಶೇಷ ಉಪನ್ಯಾಸ ನಮ್ಮ ಸಂವಿಧಾನದ ದಿಕ್ಕನ್ನೇ ತಿರುಗಿಸಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1965ರ ಫೆಬ್ರವರಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೆ ಜರ್ಮನಿಯಿಂದ ಒಬ್ಬ ಮೇಷ್ಟ್ರು ಬಂದರು. ಹೆಸರು ಡೀಟ್ರಿಶ್ ಕಾನ್ರಾಡ್, ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದವರು. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಒಳಗಿಂದಲೇ ಏನಾದರೂ ಮಿತಿ ಇದೆಯಾ ಅನ್ನುವುದು ಅವರ ವಿಷಯ. ಅವರು ಎತ್ತಿದ ಪ್ರಶ್ನೆಗಳು ವಿಚಿತ್ರವಾಗಿದ್ದವು. ಮೂರನೇ ಎರಡರಷ್ಟು ಬಹುಮತ ಇದೆ ಅಂತ ಸಂಸತ್ತು ಜೀವಿಸುವ ಹಕ್ಕು ಕೊಡುವ 21ನೇ ವಿಧಿಯನ್ನೇ ಕಿತ್ತುಹಾಕಬಹುದಾ? ಒಂದು ತಿದ್ದುಪಡಿ ಮಾಡಿ ಮೊಘಲ್ ಬಾದಶಹನನ್ನೋ ಇಂಗ್ಲೆಂಡಿನ ರಾಜಮನೆತನವನ್ನೋ ವಾಪಸ್ ಕರೆದು ಕೂರಿಸಬಹುದಾ? ಕೇಳುವುದಕ್ಕೆ ತಮಾಷೆ ಅನ್ನಿಸುತ್ತದೆ, ಆದರೆ ತಮ್ಮ ಹಳೆಯ ವೈಮರ್ ಸಂವಿಧಾನ ಕಣ್ಣೆದುರೇ ಪೊಳ್ಳಾಗಿ ಹಿಟ್ಲರ್ ಬಂದದ್ದನ್ನು ಕಂಡಿದ್ದ ದೇಶದಿಂದ ಬಂದವರು ಕೇಳುತ್ತಿದ್ದ ಮಾತು ಅದು. ಜರ್ಮನಿಯವರು 1949ರ ಹೊಸ ಸಂವಿಧಾನದಲ್ಲಿ ಕೆಲವು ತತ್ವಗಳನ್ನು ತಿದ್ದುಪಡಿಯಿಂದಲೂ ಮುಟ್ಟಬಾರದು ಅಂತ ಬರೆದೇ ಇಟ್ಟಿದ್ದರು. ನಮ್ಮಲ್ಲಿ ಹಾಗೆ ಬರೆದಿರಲಿಲ್ಲ.

ಆ ಉಪನ್ಯಾಸದ ಬರಹ ಎಂ.ಕೆ. ನಂಬಿಯಾರ್ ಎಂಬ ವಕೀಲರ ಕೈಸೇರಿತು. ನಮ್ಮ ಮಂಗಳೂರಿನಲ್ಲಿ ವಕೀಲಿ ಮಾಡಿದ್ದವರು, ಮುಂದೆ ಅಟಾರ್ನಿ ಜನರಲ್ ಆದ ಕೆ.ಕೆ. ವೇಣುಗೋಪಾಲ್ ಅವರ ತಂದೆ. ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದುಪಡಿ ಮಾಡಿ ಮೊಟಕುಗೊಳಿಸಬಹುದಾ ಅನ್ನುವ ಗೋಲಕನಾಥ್ ಪ್ರಕರಣದಲ್ಲಿ ನಂಬಿಯಾರ್ ಇದೇ ವಾದವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. 1967ರ ಫೆಬ್ರವರಿಯಲ್ಲಿ ತೀರ್ಪು ಬಂತು. ವಾದದಲ್ಲಿ ಬಲವಿದೆ, ಆದರೆ ಈಗ ಅದನ್ನು ತೀರ್ಮಾನಿಸುವ ಅಗತ್ಯವಿಲ್ಲ ಅಂತ ಬಹುಮತದ ಜಡ್ಜ್‌ಗಳು ಪಕ್ಕಕ್ಕಿಟ್ಟರು. ಬೇರೆ ಕಾರಣ ಕೊಟ್ಟು ಕೇಸು ಮುಗಿಸಿದರು.

ಅಲ್ಲಿಗೆ ಕಾನ್ರಾಡ್ ಸುಮ್ಮನಾಗಲಿಲ್ಲ. ಅದೇ ವಿಚಾರವನ್ನು ಬೆಳೆಸಿ ಒಂದು ವಾರ್ಷಿಕ ಸಂಚಿಕೆಗೆ ಪ್ರಬಂಧ ಬರೆದರು. ಆಮೇಲೆ ಬಂದದ್ದು ಕೇಶವಾನಂದ ಭಾರತಿ ಪ್ರಕರಣ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಯಕ್ಷಗಾನಪ್ರಿಯರು, ಮಠದ ಜಮೀನಿಗಾಗಿ ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ ಕೋರ್ಟಿಗೆ ಹೋಗಿದ್ದರು, ಅದರಲ್ಲೇ ಸಂವಿಧಾನವನ್ನು ತಿದ್ದುವ ಅಧಿಕಾರದ ಪ್ರಶ್ನೆಯೂ ಎದ್ದಿತು. 13 ಜಡ್ಜ್‌ಗಳು, 68 ದಿನ ವಾದ. 1973ರ ಏಪ್ರಿಲ್ 24ರಂದು 7-6ರ ಕೂದಲೆಳೆಯ ಬಹುಮತದಲ್ಲಿ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಮುರಿಯುವಂತಿಲ್ಲ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ತಮ್ಮ ತೀರ್ಪಿನೊಳಗೆ ಕಾನ್ರಾಡ್ ಪ್ರಬಂಧದ ಸಾಲನ್ನೇ ಎತ್ತಿಕೊಂಡರು. ಸಂವಿಧಾನದ ಅಡಿಯಲ್ಲೇ ಹುಟ್ಟಿದ ಸಂಸ್ಥೆ, ಮಾತಿನಲ್ಲಿ ಅದರ ಅಧಿಕಾರಕ್ಕೆ ಎಲ್ಲೆಯೇ ಇಲ್ಲ ಅಂತಿದ್ದರೂ, ತನಗೆ ಅಧಿಕಾರ ಕೊಟ್ಟ ಕಂಬಗಳನ್ನೇ ಬದಲಿಸಲಾಗದು ಅನ್ನುವುದು ಅದರ ಸಾರ. ಈ ಬಹುಮತದಲ್ಲಿ ನಮ್ಮ ಕರಾವಳಿಯ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಅವರೂ ಇದ್ದರು. ತೀರ್ಪಿನ ಬೆನ್ನಿಗೇ ಅವರನ್ನೂ ಇನ್ನಿಬ್ಬರನ್ನೂ ಹಿಂದಿಕ್ಕಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು, ಮೂವರೂ ರಾಜೀನಾಮೆ ಕೊಟ್ಟರು.

ಒಂದು ಉಪನ್ಯಾಸಕ್ಕೆ ಫಲ ಸಿಗಲು ಎಂಟು ವರ್ಷ ಹಿಡಿಯಿತು. ಆ ವರ್ಷದ ವಾರ್ಷಿಕ ವರದಿಯಲ್ಲಿ ಅದು ಬಹುಶಃ ಒಂದು ಸಾಲಿನ ಸುದ್ದಿ ಅಷ್ಟೇ ಆಗಿದ್ದಿರಬೇಕು!

ಎರಡನೇ ಉದಾಹರಣೆಯಲ್ಲಿ ಉಪನ್ಯಾಸವೂ ಇಲ್ಲ, ಪೇಪರೂ ಇಲ್ಲ. ಬರೀ ಒಂದು ಪತ್ರ. 1972ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಸೆಷನ್ಸ್ ಕೋರ್ಟ್ ಇಬ್ಬರು ಪೊಲೀಸರನ್ನೂ ಬಿಟ್ಟಿತು. ಹೈಕೋರ್ಟ್ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಖುಲಾಸೆ ಮಾಡಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಂಡ ಮಾತು ನಂಬುವಂತಿಲ್ಲ, ಹಾಗಾಗಿ ಒಪ್ಪಿಗೆ ಇತ್ತು ಅನ್ನುವ ಧಾಟಿ ಆ ತೀರ್ಪಿನದು. ಆ ಹುಡುಗಿಯ ಹೆಸರಿನಿಂದ ಇದು ಮಥುರಾ ಪ್ರಕರಣ ಅಂತಲೇ ಹೆಸರಾಯಿತು.

ಒಂದು ವರ್ಷ ಇದು ಕಾನೂನು ವರದಿಯ ಪುಟಗಳಲ್ಲೇ ಇತ್ತು. 1979ರ ಸೆಪ್ಟೆಂಬರಿನಲ್ಲಿ ನಾಲ್ವರು ಕಾನೂನು ಅಧ್ಯಾಪಕರು, ಉಪೇಂದ್ರ ಬಕ್ಷಿ, ಲೊತಿಕಾ ಸರ್ಕಾರ್, ರಘುನಾಥ್ ಕೇಳ್ಕರ್ ಮತ್ತು ವಸುಧಾ ಧಗಮ್‌ವಾರ್, ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಕ್ಲಾಸಿನಲ್ಲಿ ಹೇಳಿಕೊಡುವಷ್ಟು ಸರಳ ವಿಷಯವನ್ನೇ ಅದರಲ್ಲಿ ಬಿಡಿಸಿ ಹೇಳಿದ್ದರು. ಮಣಿಯುವುದು ಬೇರೆ, ಒಪ್ಪುವುದು ಬೇರೆ. ರಾತ್ರಿ ಹೊತ್ತು, ಠಾಣೆಯ ಒಳಗೆ, ಎದುರಿಗೆ ಪೊಲೀಸರು, ಹುಡುಗಿ ಬಡವಳು. ಅವಳು ಕೂಗಲಿಲ್ಲ ಅಂದಮಾತ್ರಕ್ಕೆ ಒಪ್ಪಿದಳು ಅಂತಾಗುತ್ತದಾ?

ಪತ್ರದಿಂದ ಆ ತೀರ್ಪು ಬದಲಾಗಲಿಲ್ಲ. ಪೊಲೀಸರು ಖುಲಾಸೆಯಾದವರಾಗಿಯೇ ಉಳಿದರು, ಮಥುರಾಗೆ ಏನೂ ಸಿಗಲಿಲ್ಲ. ಇದನ್ನು ಮರೆತು ಪತ್ರದ ಗೆಲುವನ್ನಷ್ಟೇ ಹೇಳುವವರು ಜಾಸ್ತಿ. ಆದರೆ ಹೆಂಗಸರು ಬೀದಿಗಿಳಿದರು, ಕಾನೂನು ಸುಧಾರಣೆಗೆ ಸರ್ಕಾರಕ್ಕೆ ಸಲಹೆ ಕೊಡುವ ಲಾ ಕಮಿಷನ್ ವರದಿ ಕೊಟ್ಟಿತು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸರ ವಶದಲ್ಲಿ ಇಂಥದ್ದು ನಡೆದಾಗ ದೈಹಿಕ ಸಂಪರ್ಕ ಸಾಬೀತಾಗಿ, ನಾನು ಒಪ್ಪಿರಲಿಲ್ಲ ಅಂತ ಹೆಂಗಸು ಕೋರ್ಟಿನಲ್ಲಿ ಹೇಳಿದರೆ, ಒಪ್ಪಿಗೆ ಇರಲಿಲ್ಲ ಅಂತಲೇ ಕೋರ್ಟ್ ಭಾವಿಸಬೇಕು ಅನ್ನುವ ಸೆಕ್ಷನ್ 114ಎ ಸಾಕ್ಷ್ಯ ಕಾಯ್ದೆಗೆ ಸೇರಿತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 120ನೇ ಸೆಕ್ಷನ್.

ಮೇಷ್ಟ್ರುಗಳೇ ಕೋರ್ಟಿಗೆ ಹೋಗಿ ವಾದಿಸಬಹುದಲ್ವಾ ಅಂತ ಕೇಳಬಹುದು. ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿ ಮಾಡುವಂತಿಲ್ಲ. ವಕೀಲರಾದವರು ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಮಾಡಬಹುದು ಅನ್ನುವ ನಿಯಮ ಇದೆ, ಅದು ಪಾರ್ಟ್‌ಟೈಮ್ ಮೇಷ್ಟ್ರುಗಳಿಗೆ. ಹಾಗಾಗಿ ಪೂರ್ಣಾವಧಿ ಪ್ರೊಫೆಸರಿಗೆ ಬರವಣಿಗೆಯೇ ಮುಖ್ಯ ದಾರಿ. ಇನ್ನೊಂದು ಬಾಗಿಲು ಸಂವಿಧಾನದಲ್ಲೇ ಇದೆ. 'ಗಣ್ಯ ಕಾನೂನು ಪಂಡಿತ' ಅನ್ನಿಸಿಕೊಂಡವರನ್ನು ನೇರವಾಗಿ ಸುಪ್ರೀಂ ಕೋರ್ಟ್ ಜಡ್ಜ್ ಮಾಡಬಹುದು ಅಂತ 124ನೇ ವಿಧಿ ಹೇಳುತ್ತದೆ. 1950ರಿಂದ ಇದೆ, ಆ ಬಾಗಿಲಿನಿಂದ ಒಬ್ಬರೂ ಒಳಗೆ ಹೋಗಿಲ್ಲ. ನನಗಂತೂ ಇದು ನಾಚಿಕೆಯ ವಿಷಯ ಅನ್ನಿಸುತ್ತದೆ.

ಅಂಕಿಅಂಶದ ಸಂಶೋಧನೆಯೂ ಉಂಟು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ದೇಶದ ಜೈಲುಗಳಿಗೆ ಹೋಗಿ ಗಲ್ಲುಶಿಕ್ಷೆಯಾದ 373 ಕೈದಿಗಳನ್ನು ಮಾತಾಡಿಸಿ 2016ರಲ್ಲಿ ವರದಿ ಹೊರತಂದರು. ಸುಮಾರು ಮುಕ್ಕಾಲು ಪಾಲು ಕೈದಿಗಳು ಬಡವರು. ಯಾರಿಗೆ ಗಲ್ಲು ಆಗುತ್ತಿದೆ ಅನ್ನುವ ಚರ್ಚೆಗೆ ಅಲ್ಲಿಯವರೆಗೆ ಇಂಥ ಲೆಕ್ಕವೇ ಇರಲಿಲ್ಲ.

ಹಾಗಾದರೆ ಒಂದು ವಿಭಾಗ ಚೆನ್ನಾಗಿದೆಯಾ ಇಲ್ಲವಾ ಅಂತ ನೋಡುವುದು ಹೇಗೆ? ಎಷ್ಟು ಸೆಮಿನಾರು ಅಂತ ಎಣಿಸಬೇಡಿ. ಅಲ್ಲಿನವರು ಬರೆದದ್ದನ್ನು ಕ್ಯಾಂಪಸ್ಸಿನ ಹೊರಗೆ ಯಾರಾದರೂ ಬಳಸಿದರಾ ನೋಡಿ. ವಕೀಲರು, ಜಡ್ಜ್‌ಗಳು, ಲಾ ಕಮಿಷನ್, ಪತ್ರಿಕೆಯವರು, ಯಾರಾದರೂ ಸರಿ. ಕಾನೂನು ನೆರವು ಕೇಂದ್ರ ಇದ್ದರೆ ಅಲ್ಲಿಗೆ ಹಳ್ಳಿಯವರು ನಿಜವಾಗಿ ಬರುತ್ತಾರಾ, ಇಲ್ಲ ಬೋರ್ಡ್ ಮಾತ್ರ ನೇತಾಡುತ್ತಿದೆಯಾ ಅಂತ ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ, ಅವರು ಸುಳ್ಳು ಹೇಳುವುದಿಲ್ಲ. ಮೇಷ್ಟ್ರ ಬರಹ ತೀರ್ಪಿನಲ್ಲಿ ಬಂದಿದೆಯಾ ಅಂತ ನೋಡುವುದಕ್ಕೂ ದುಡ್ಡು ಬೇಕಿಲ್ಲ. 2023ರಿಂದ ಸುಪ್ರೀಂ ಕೋರ್ಟಿನ ತೀರ್ಪುಗಳು ಇ-ಎಸ್‌ಸಿಆರ್ ಎಂಬ ಅದರದೇ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಹೆಸರು ಹಾಕಿ ಹುಡುಕಿದರಾಯಿತು.