ಮರಳಿ ಬರುವ ರಾಕೆಟ್: ಖರ್ಚು ಇಳಿಯುವುದು ಯಾವಾಗ?

ತಿಪಟೂರಿನ ಎಪಿಎಂಸಿಯಲ್ಲಿ ಹಮಾಲರು ಕೊಬ್ಬರಿ ಮೂಟೆ ಜೋಡಿಸಿ, ಟಾರ್ಪಾಲು ಎಳೆದು, ಹಗ್ಗ ಬಿಗಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಲಾರಿ ದಿಲ್ಲಿಯಲ್ಲಿ ಮಾಲು ಇಳಿಸಿದ ಕೂಡಲೇ ಗುಜರಿಗೆ ಹೋಗಬೇಕು ಅಂತಿದ್ದರೆ ಒಂದು ಮೂಟೆಯ ಬಾಡಿಗೆ ಎಷ್ಟಾಗುತ್ತಿತ್ತು? ರಾಕೆಟ್‌ಗಳು ದಶಕಗಳ ಕಾಲ ಓಡಿದ್ದು ಹಾಗೆಯೇ. ತುಮಕೂರಿನಲ್ಲಿ ಒಟ್ಟಿಗೆ ಕೂತು ಪರೀಕ್ಷೆಗೆ ಓದುವ ನಮ್ಮ ಗುಂಪಿಗೆಂದು ಈ ಟಿಪ್ಪಣಿ ಬರೆದಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ರಾಕೆಟ್ ದುಬಾರಿಯಾಗಿರುವುದು ಇಂಧನದಿಂದಲ್ಲ. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ಸುಡುವುದು ಸೀಮೆಎಣ್ಣೆಯ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕ. ಒಟ್ಟು ವೆಚ್ಚದಲ್ಲಿ ಅವುಗಳ ಪಾಲು ತೀರಾ ಸಣ್ಣದು. ದುಡ್ಡು ಹೋಗುವುದು ಎಂಜಿನ್‌ಗೆ, ಟ್ಯಾಂಕ್‌ಗೆ, ಯಂತ್ರಕ್ಕೆ. ಒಂಬತ್ತು ಎಂಜಿನ್ ಇರುವ ಮೊದಲ ಹಂತವೊಂದೇ (ಮೊದಲು ಉರಿದು ಕಳಚಿಕೊಳ್ಳುವ ಕೆಳಭಾಗ) ವೆಚ್ಚದ ಸುಮಾರು ಶೇ 60 ಎಂದು ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಹೇಳಿದ್ದಾರೆ. 2015ರ ಡಿಸೆಂಬರ್‌ನಲ್ಲಿ ಆ ಹಂತ ಮೊದಲ ಸಲ ನೆಟ್ಟಗೆ ನೆಲಕ್ಕಿಳಿಯಿತು. 2017ರ ಮಾರ್ಚ್‌ನಲ್ಲಿ, ಒಮ್ಮೆ ಹಾರಿ ಬಂದಿದ್ದ ಹಂತವೇ ಮತ್ತೆ ಹಾರಿತು.

ಅದರ ಮೇಲೆ ಕೂತು ಕಕ್ಷೆಯವರೆಗೆ ಹೋಗುವ ಎರಡನೇ ಹಂತ ಏಕೆ ಮರಳಿ ಬರುವುದಿಲ್ಲ? ಮೊದಲ ಹಂತ ಕಳಚುವಾಗ ಅದರ ವೇಗ ಗಂಟೆಗೆ ಸುಮಾರು 8,000 ಕಿ.ಮೀ. ಎರಡನೆಯದು ಕಕ್ಷೆ ಸೇರುವಾಗ ಸುಮಾರು 28,000 ಕಿ.ಮೀ. ವೇಗ ಮೂರೂವರೆ ಪಟ್ಟು, ಆದರೆ ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಪ್ರತಿ ಕಿಲೋಗೆ ಹನ್ನೆರಡು ಪಟ್ಟು. ಅಷ್ಟನ್ನೂ ವಾತಾವರಣದಲ್ಲಿ ಶಾಖವಾಗಿ ಕಳೆದುಕೊಂಡೇ ಇಳಿಯಬೇಕು.

ಮರಳಿ ಬರುವುದೂ ಪುಕ್ಕಟೆಯಲ್ಲ. ಇಳಿಯುವಾಗ ಎಂಜಿನ್ ಮತ್ತೆ ಹೊತ್ತಿಸಲು ಇಂಧನ ಉಳಿಸಿಕೊಳ್ಳಬೇಕು, ಕಾಲುಗಳನ್ನೂ ರೆಕ್ಕೆಗಳನ್ನೂ ಹೊರಬೇಕು. ದಾರಿಯಲ್ಲಿ ಬಂಕೇ ಇಲ್ಲವೆಂದು ವಾಪಸ್ ಬರುವ ಡೀಸೆಲನ್ನೂ ಪೀಪಾಯಿಗಳಲ್ಲಿ ಹೇರಿಕೊಂಡು ಹೊರಟ ಲಾರಿಯಂತೆ. ಅಷ್ಟು ಮೂಟೆ ಕಡಿಮೆ.

ಇಲ್ಲಿ ಪೆನ್ನು ಕೈಗೆತ್ತಿಕೊಳ್ಳಿ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಹಿಡಿದವು. ಬಿಸಾಡುವ ರಾಕೆಟ್‌ನ ವೆಚ್ಚ 100, ಹೊರುವ ಸರಕು 100. ಅಂದರೆ ಒಂದು ಮೂಟೆಗೆ 1. ಮರಳುವ ರಾಕೆಟ್‌ನಲ್ಲಿ ಮೊದಲ ಹಂತಕ್ಕೆ 60, ಉಳಿದದ್ದಕ್ಕೆ ಪ್ರತಿ ಸಲ 40, ದುರಸ್ತಿಗೆ ಪ್ರತಿ ಸಲ 6, ಸರಕು 70 ಎಂದಿಟ್ಟುಕೊಳ್ಳಿ. ಎರಡು ಸಲ ಹಾರಿಸಿದರೆ ಒಂದು ಹಾರಾಟಕ್ಕೆ 30+40+6=76. ಅದನ್ನು 70ರಿಂದ ಭಾಗಿಸಿ: 1.09. ಬಿಸಾಡುವುದಕ್ಕಿಂತ ದುಬಾರಿ! ಮೂರು ಸಲಕ್ಕೆ 0.94, ಹತ್ತು ಸಲಕ್ಕೆ 0.74. ಈಗ ದುರಸ್ತಿಯನ್ನು 30 ಮಾಡಿ ನೋಡಿ. ಹತ್ತು ಸಲ ಹಾರಿಸಿದರೂ ಮತ್ತೆ 1.09ಕ್ಕೇ ಬಂದು ನಿಲ್ಲುತ್ತದೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದ ಮೇಲೆ ವಿಷಯ ನನಗೆ ಗಟ್ಟಿಯಾಯಿತು. ರಾಕೆಟ್ ಇಳಿಯುವುದು ಅರ್ಧ ಕೆಲಸ. ಹೆಚ್ಚು ರಿಪೇರಿಯಿಲ್ಲದೆ, ಬೇಗ, ಮತ್ತೆ ಮತ್ತೆ ಹೊರಟರೆ ಮಾತ್ರ ಖರ್ಚು ಇಳಿಯುತ್ತದೆ.

ಅಮೆರಿಕದ ಸ್ಪೇಸ್ ಷಟಲ್ ಎಡವಿದ್ದು ಇಲ್ಲೇ. 1981ರಿಂದ 2011ರವರೆಗೆ 135 ಸಲ ಹಾರಿತು, ಅದ್ಭುತ ಯಂತ್ರ. ಆದರೆ ಪ್ರತಿ ಸಲವೂ ದೊಡ್ಡ ಹೊರ ಟ್ಯಾಂಕ್ ಕಳೆದುಹೋಗುತ್ತಿತ್ತು, ಮೈಮೇಲಿನ ಸಾವಿರಾರು ಶಾಖರಕ್ಷಕ ಬಿಲ್ಲೆಗಳನ್ನು ಪರೀಕ್ಷಿಸಬೇಕಿತ್ತು. ಅತಿ ಹೆಚ್ಚು ಹಾರಿದ 1985ರಲ್ಲೂ ಒಂಬತ್ತೇ ಸಲ. ಫಾಲ್ಕನ್ 9ರ ಒಂದೇ ಮೊದಲ ಹಂತ 30 ಸಲಕ್ಕೂ ಹೆಚ್ಚು ಹಾರಿದ್ದುಂಟು.

ಇನ್ನು ನಮ್ಮ ಕಡೆಗೆ ಬರೋಣ. ಶಿರಾ, ಹಿರಿಯೂರು ದಾಟಿದರೆ ಚಳ್ಳಕೆರೆ. ಅಲ್ಲಿನ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಮರುಬಳಕೆಗೆಂದು ಇಸ್ರೋ ರೂಪಿಸುತ್ತಿರುವ ರೆಕ್ಕೆಯ ವಾಹನವನ್ನು 4.5 ಕಿ.ಮೀ. ಎತ್ತರದಿಂದ ಬಿಟ್ಟಿತು. ಅದು ತಾನೇ ದಾರಿ ಹಿಡಿದು ರನ್‌ವೇಗೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಪುಷ್ಪಕ್ ಹೆಸರಿನಲ್ಲಿ ಇನ್ನೆರಡು ಪ್ರಯೋಗ ನಡೆದವು. ಜೂನ್‌ನಲ್ಲಿ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಸರಿದು, ಜೋರು ಗಾಳಿಯಲ್ಲಿ. ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು. ಬ್ರೇಕ್ ಪ್ಯಾರಾಚೂಟ್ ಅದನ್ನು ಸುಮಾರು 100ಕ್ಕೆ ಇಳಿಸಿತು. ನಮ್ಮ ಪಕ್ಕದ ಜಿಲ್ಲೆಯ ಬಯಲಲ್ಲಿ ಇದು ಆಯಿತು ಎನ್ನುವಾಗ ನನಗೆ ಈಗಲೂ ರೋಮಾಂಚನ. ಆದರೆ ಉತ್ತರ ಬರೆಯುವಾಗ ಎಚ್ಚರ: ಈ ಮೂರು ಪ್ರಯೋಗಗಳಲ್ಲಿ ಅದು ಬಾಹ್ಯಾಕಾಶದಿಂದ ಬಂದದ್ದಲ್ಲ. 2016ರ ಮೇ 23ರ ಪ್ರಯೋಗವೇ ಬೇರೆ. ಆಗ ರಾಕೆಟ್ ಮೇಲೆ ಕೂತು 65 ಕಿ.ಮೀ. ಎತ್ತರಕ್ಕೇರಿ ಬಂಗಾಳ ಕೊಲ್ಲಿಗೆ ಇಳಿದಿತ್ತು.

ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ₹8,240 ಕೋಟಿಗೆ ಒಪ್ಪಿದ ಎನ್‌ಜಿಎಲ್‌ವಿಯನ್ನೂ (ಇಸ್ರೋದ ಮುಂದಿನ ತಲೆಮಾರಿನ ರಾಕೆಟ್) ಪುಷ್ಪಕ್ ಜೊತೆ ಬೆರೆಸಬೇಡಿ. ಅದರಲ್ಲಿ ಮರುಬಳಕೆಯಾಗುವುದು ಮೊದಲ ಹಂತ. ಭೂಮಿಯ ಕೆಳಕಕ್ಷೆಗೆ 30 ಟನ್ ಒಯ್ಯುವ ಗುರಿ. ಇಸ್ರೋದ ಈಗಿನ ದೊಡ್ಡ ರಾಕೆಟ್ ಎಲ್‌ವಿಎಂ-3ಕ್ಕಿಂತ ಮೂರು ಪಟ್ಟು ಸರಕು, ಒಂದೂವರೆ ಪಟ್ಟು ವೆಚ್ಚ ಎಂಬ ಅಂದಾಜು. ಅಂದರೆ ಕಿಲೋ ಲೆಕ್ಕದಲ್ಲಿ ಅರ್ಧ.

ಮುಂದಿನ ಸಲ ಸೇರುವಾಗ ಇದೊಂದನ್ನು ಮಾಡಿಕೊಂಡು ಬನ್ನಿ: ದುರಸ್ತಿ 15, ಹಾರಾಟ 5, ಉಳಿದದ್ದು ಮೇಲಿನಂತೆಯೇ. 0.96 ಬರಬೇಕು. ಬಂದರೆ ದುರಸ್ತಿಯನ್ನು ಒಂದೊಂದೇ ಏರಿಸುತ್ತಾ ಹೋಗಿ, ಎಷ್ಟಕ್ಕೆ 1 ದಾಟುತ್ತದೆ ಎಂದು ಗುರುತು ಹಾಕಿಕೊಳ್ಳಿ.